ಒಡೀಲಳ ಮರದ ಚಾಕು

ಚಾಕು ಎಂದಕೂಡಲೇ ಹಿಂದೆ ಸರಿಯಬೇಡಿ. ನನ್ನಿಂದ ಒಂದು ಈರುಳ್ಳಿ ಹೆಚ್ಚುವುದಕ್ಕೂ ಆಗದು. ನಾನು ಪೇರ್ ಮರದ, ಗೇಣುದ್ದದ ಚಾಕು. ಪುಸ್ತಕದ ಪುಟ ಬಿಡಿಸುವುದೊಂದೇ ನನ್ನ ಕಸುಬು. ಫ್ರಾನ್ಸ್ ದೇಶದ ಒಂದು ಹೊಳೆದಂಡೆಯ ಊರಿನಲ್ಲಿ ಮರದ ಪಾದರಕ್ಷೆ ಕೆತ್ತುತ್ತಿದ್ದ ಮುದುಕ, ಉಳಿದ ಚೂರನ್ನು ಎಸೆಯಲು ಮನಸ್ಸಾಗದೆ ನನ್ನನ್ನು ಮಾಡಿದ. ಇನ್ನೆರಡು ಬೆರಳು ದಪ್ಪಗಿದ್ದಿದ್ದರೆ ಯಾರದೋ ಹಿಮ್ಮಡಿಯ ಕೆಳಗೆ ಸವೆದು ಮುಗಿಯುತ್ತಿದ್ದೆ. ಅದೇ ವಾಸಿಯಿತ್ತೇನೋ ಎಂದು ಈಗೀಗ ಅನ್ನಿಸುತ್ತದೆ.

ಮೊದಲು ಒಂದು ಕಾಗದದ ಅಂಗಡಿಗೆ ಹೋದೆ. ಅಂಗಡಿಯವನ ಹೆಂಡತಿ ನನ್ನಿಂದ ಲಕೋಟೆ ಹರಿದಳು, ಮೇಜಿನ ಮೇಲೆ ಬಿದ್ದ ಮೇಣ ಕೆರೆದಳು, ಒಂದೆರಡು ಸಲ ಬೆನ್ನೂ ತುರಿಸಿಕೊಂಡಳು. ಮಾನ ಮರ್ಯಾದೆ ಅನ್ನುವುದು ನನಗಿದೆ ಎಂದು ಆಕೆಗೆ ಹೊಳೆಯಲೇ ಇಲ್ಲ. ಅಂಗಡಿ ಮುಚ್ಚಿದ ಮೇಲೆ ಹಳೇ ಸಾಮಾನಿನ ಸಂತೆಗೆ ಬಿದ್ದೆ. ಅಲ್ಲಿಂದ ನನ್ನನ್ನು ಎತ್ತಿಕೊಂಡವಳು ಒಡೀಲ್.

ಆಗ ಅವಳಿಗೆ ಇಪ್ಪತ್ತಾರು. ಹಗಲು ಒಂದು ಪತ್ರಿಕೆಯಲ್ಲಿ ಕರಡು ತಿದ್ದುವ ಕೆಲಸ. ಉಳಿದ ಹೊತ್ತೆಲ್ಲ ಪದ್ಯ. ಅಡುಗೆಮನೆಯಲ್ಲಿ ಒಂದು ಕೈಯಚ್ಚು ಯಂತ್ರ ಇಟ್ಟುಕೊಂಡು, ಹೆಸರಿಲ್ಲದ ಕವಿಗಳ ಪುಸ್ತಕಗಳನ್ನು ತಾನೇ ಅಚ್ಚು ಹಾಕುತ್ತಿದ್ದಳು, ಒಂದೊಂದಕ್ಕೆ ಇನ್ನೂರು ಪ್ರತಿ. ಸಾರಿನ ಪಾತ್ರೆಯ ಪಕ್ಕದಲ್ಲೇ ಮಸಿಯ ಡಬ್ಬಿ. ಎರಡೂ ಬೆರೆಯದೆ ಉಳಿದದ್ದೇ ದೊಡ್ಡದು.

ಅವಳದೊಂದು ಹಟವಿತ್ತು. ಈಗ ಪುಸ್ತಕದ ಅಂಚನ್ನು ಯಂತ್ರವೇ ಕತ್ತರಿಸಿ ಕೊಡುತ್ತದೆ. ಆ ದೇಶದಲ್ಲಿ ಹಿಂದೆ ಹಾಗಿರಲಿಲ್ಲ. ದೊಡ್ಡ ಹಾಳೆಯನ್ನು ಮಡಚಿ, ಹೊಲಿದು, ಹಾಗೇ ಕೊಡುತ್ತಿದ್ದರು. ಓದುವವರು ಮಡಿಕೆಗಳನ್ನು ಒಂದೊಂದಾಗಿ ಸೀಳಿಕೊಳ್ಳಬೇಕು. ಸೀಳದಿದ್ದರೆ ಅರ್ಧ ಪುಟಗಳು ಕಾಣುತ್ತವೆ, ಇನ್ನರ್ಧ ಒಳಗೇ ಮುಚ್ಚಿಕೊಂಡಿರುತ್ತವೆ. ಒಡೀಲ್ ಕೊನೆಯವರೆಗೂ ಆ ಪದ್ಧತಿ ಬಿಡಲಿಲ್ಲ.

ಅವಳು ಮೊದಲು ಅಚ್ಚು ಹಾಕಿದ್ದು ಲುಸಿಯೆನ್ ಎಂಬ ಕವಿಯ ಪುಸ್ತಕ. ಅವನು ಅವಳ ಜೀವದ ಗೆಳೆಯನೂ ಆದ. ಬಂದಾಗಲೆಲ್ಲ ಕೆಣಕುತ್ತಿದ್ದ.

"ಈ ಕಾಲದಲ್ಲಿ ಯಾರೇ ಚಾಕು ಹಿಡ್ಕೊಂಡು ಪದ್ಯ ಓದ್ತಾರೆ? ಕತ್ತರಿಸಿ ಕೊಟ್ಬಿಡೇ ಮಾರಾಯ್ತಿ."

"ಓದೋ ಮನಸ್ಸಿದ್ದೋನು ಸೀಳ್ತಾನೆ ಕಣೋ. ಇಲ್ದೋನು ಬಿಡ್ಲಿ."

ಮೂವತ್ತೇಳು ವರ್ಷ ಹೀಗೇ ನಡೆಯಿತು. ನನ್ನ ಬೆನ್ನಿನಿಂದ ಮಡಿಕೆ ತೀಡುತ್ತ ಬೇರೆಯವರ ಸಾಲುಗಳನ್ನು ಗಟ್ಟಿಯಾಗಿ ಓದುವಳು. ಒಂದು ಪದ ಕುಂಟಿದರೆ ಅಲ್ಲೇ ನಿಲ್ಲುವಳು, ಕವಿಗೆ ಪತ್ರ ಬರೆಯುವಳು. ತನ್ನ ಪದ್ಯಗಳನ್ನು ಮಾತ್ರ ಕಪಾಟಿನ ಮೇಲೆ ಮಲಗಿಸಿದ್ದಳು. ಅವು ಕೆಳಗಿಳಿದದ್ದು ಅವಳಿಗೆ ಅರವತ್ಮೂರು ತುಂಬಿದಾಗ.

ಅವೆಲ್ಲ ಅವಳ ತಂಗಿಯ ಮೇಲಿನ ಪದ್ಯಗಳು. ಮಾರಿಸ್ ಎಂದು ಆ ಹುಡುಗಿಯ ಹೆಸರು. ಹತ್ತೊಂಬತ್ತನೇ ವಯಸ್ಸಿಗೆ ಮೆದುಳು ಜ್ವರ ಬಂದು ನಾಲ್ಕೇ ದಿನದಲ್ಲಿ ಹೋದಳಂತೆ. ಅಪ್ಪ ಅಮ್ಮ ಇಲ್ಲ, ಒಡೀಲ್ ಮದುವೆಯಾಗಲಿಲ್ಲ. ತಂಗಿಯ ವಿಷಯ ಯಾರೊಡನೆಯೂ ಆಡಿದವಳಲ್ಲ, ಲುಸಿಯೆನ್ ಜೊತೆಗೂ ಇಲ್ಲ. ಆ ಹೆಸರನ್ನು ಇಡೀ ಪುಸ್ತಕದಲ್ಲಿ ಒಂದೇ ಕಡೆ, ಆರನೇ ಪುಟದಲ್ಲಿ, ಮಡಿಕೆಯ ಒಳಗೆ ಕೂರಿಸಿದಳು.

"ನಾನು ಸತ್ರೆ ಅವಳ ಹೆಸರು ಗೊತ್ತಿರೋರು ಭೂಮಿ ಮೇಲೆ ಇರಲ್ಲ," ಎಂದು ಅಚ್ಚುಮೊಳೆ ಜೋಡಿಸುತ್ತ ತನಗೆ ತಾನೇ ಹೇಳಿಕೊಂಡಳು. "ಒಬ್ರಿಗಾದ್ರೂ ಗೊತ್ತಾಗ್ಲಿ. ಒಬ್ರು ಸಾಕು."

ಅಯ್ಯೋ ಹುಚ್ಚಿ, ಹಾಗಿದ್ದರೆ ಮೊದಲ ಪುಟದಲ್ಲೇ ಹಾಕಬಾರದಿತ್ತೇ? ನನಗೆ ಬಾಯಿಲ್ಲ.

ಮೊದಲ ಪ್ರತಿಯನ್ನು ಲುಸಿಯೆನ್‌ಗೆ ಕಳಿಸಿದಳು. ಹದಿನೈದು ದಿನಕ್ಕೆ ಅವನ ಪತ್ರ ಬಂತು: 'ಓದಿ ಎರಡು ದಿನ ಯಾರೊಡನೆಯೂ ಮಾತಾಡಲಾಗಲಿಲ್ಲ.' ತನಗೆ ತುಂಬ ಹಿಡಿಸಿದ ಎರಡು ಸಾಲುಗಳನ್ನೂ ಬರೆದಿದ್ದ. ಅವಳ ಮುಖ ಊರಗಲ ಆಯಿತು. ಪತ್ರವನ್ನು ನನಗೂ ಕೇಳಿಸುವಂತೆ ಮೂರು ಸಲ ಓದಿದಳು. ಆ ಸಾಲುಗಳಲ್ಲಿ ಒಂದು ನಾಲ್ಕನೇ ಪುಟದ್ದು, ಇನ್ನೊಂದು ಐದನೆಯದು. ಎರಡೂ ಸೀಳದೆ ಕಾಣುವ ಪುಟಗಳು. ನನಗೆ ಅಲ್ಲೇ ಗೊತ್ತಾಯಿತು. ಬೇರೆಯವರ ತಪ್ಪನ್ನು ಗಕ್ಕನೆ ಹಿಡಿಯುವ ಅವಳ ಕಣ್ಣಿಗೆ ಅವತ್ತು ಏನಾಗಿತ್ತೋ ಕಾಣೆ.

ಲುಸಿಯೆನ್ ಆಮೇಲೆಯೂ ಬರುತ್ತಿದ್ದ. ಮಾರಿಸ್ ಯಾರು ಎಂದು ಒಂದು ದಿನವೂ ಕೇಳಲಿಲ್ಲ. 'ಪಾಪ, ನನಗೆ ನೋವಾಗುತ್ತೆ ಅಂತ ಕೇಳ್ತಿಲ್ಲ' ಎಂದು ಅವಳೇ ಸಮಾಧಾನ ಮಾಡಿಕೊಂಡಳು. ಆ ನಂಬಿಕೆಯ ಮೇಲೆ ಒಂಬತ್ತು ವರ್ಷ ಹಗುರಾಗಿ ಓಡಾಡಿದಳು.

ಲುಸಿಯೆನ್ ತೀರಿಕೊಂಡ ತಿಂಗಳಿಗೆ ಅವನ ಮಗಳು ಸೊಲಾಂಜ್ ಕಾರಿನಲ್ಲಿ ಎರಡು ಪೆಟ್ಟಿಗೆ ಪುಸ್ತಕ ತಂದಳು. ಒಡೀಲ್ ಅಚ್ಚು ಹಾಕಿದ್ದೆಲ್ಲ ಅದರಲ್ಲಿತ್ತು. ಒಡೀಲ್ ಕೈ ಹಾಕಿ ತನ್ನ ಪುಸ್ತಕವನ್ನೇ ತೆಗೆದಳು. ಮೇಲಿನ ಅಂಚಿನ ಮೇಲೆ ಬೆರಳಾಡಿಸಿದಳು. ಒಂದು ಮಡಿಕೆಯೂ ಬಿಚ್ಚಿರಲಿಲ್ಲ.

ಅವಳು ಕುರ್ಚಿ ಎಳೆದುಕೊಂಡು ಕೂತಳು. ಮೇಜಿನ ಮೇಲಿದ್ದ ನನ್ನನ್ನು ತಡಕಿ ಎತ್ತಿಕೊಂಡು ಆರನೇ ಪುಟದ ಮಡಿಕೆಗೆ ಇಟ್ಟಳು. ಎಳೆ ತಾಯಿ, ಒಂದು ಸಲ ಎಳೆ, ಈ ಮಗುವಿಗಾದರೂ ತೋರಿಸು ಎಂದು ನಾನು ಒಳಗೇ ಕೂಗಿಕೊಂಡೆ.

ಅಷ್ಟರಲ್ಲಿ ಸೊಲಾಂಜ್ ಕಣ್ಣು ತುಂಬಿಕೊಂಡು, "ನೋಡಿ, ಅಪ್ಪ ಇದನ್ನ ಎಷ್ಟು ಜೋಪಾನವಾಗಿ ಇಟ್ಟಿದ್ರು! ಒಂದು ಪುಟಾನೂ ಮಾಸಿಲ್ಲ," ಅಂದಳು.

ಒಡೀಲ್ ನನ್ನನ್ನು ಕೆಳಗಿಟ್ಟಳು.

"ಹೌದು ಮಗು. ತುಂಬಾ ಜೋಪಾನ. ಇದನ್ನ ನೀನೇ ಇಟ್ಕೋ."

ಆಮೇಲೆ ಅವಳು ಒಂದು ಸಾಲನ್ನೂ ಅಚ್ಚು ಹಾಕಲಿಲ್ಲ. ಅಚ್ಚುಮೊಳೆಗಳನ್ನು ಸೀಸದ ತೂಕಕ್ಕೆ ಹಾಕಿದಳು. ಕವಿಗಳು ಕಳಿಸಿದ ಕಟ್ಟುಗಳನ್ನು ಬಿಚ್ಚದೆಯೇ ವಾಪಸು ಕಳಿಸಿದಳು. ಮೂರನೇ ವರ್ಷ ಆಸ್ಪತ್ರೆಯಲ್ಲಿ ತೀರಿಹೋದಳು. ಮನೆ ಖಾಲಿ ಮಾಡಿಸಿದವರು ಮಾರಾಟವಾಗದೆ ಉಳಿದ ಪ್ರತಿಗಳನ್ನೆಲ್ಲ ರದ್ದಿಗೆ ಹಾಕಿದರು. ನಾನು ಸೀಳಿದ್ದ ಅವಳ ಸ್ವಂತ ಪ್ರತಿಯೂ ಅದರಲ್ಲೇ ಹೋಯಿತು.

ನನ್ನನ್ನು ಸೊಲಾಂಜ್ ನೆನಪಿಗೆಂದು ತಂದಳು. ಒಳ್ಳೆಯ ಹೆಂಗಸು, ದಿನಾ ಧೂಳು ಒರೆಸುತ್ತಾಳೆ. ಗಾಜಿನ ಕಪಾಟಿನಲ್ಲಿ ಅದೇ ಪುಸ್ತಕದ ಪಕ್ಕ ನನ್ನನ್ನು ಮಲಗಿಸಿದ್ದಾಳೆ. ಆರನೇ ಪುಟ ನನ್ನಿಂದ ನಾಲ್ಕು ಬೆರಳು ದೂರ.

ಮೊನ್ನೆ ನೆಂಟರು ಬಂದಿದ್ದರು. ಒಬ್ಬಾಕೆ ಪುಸ್ತಕ ತೋರಿಸಿ, ಯಾರದು ಎಂದು ಕೇಳಿದಳು.

"ಅಪ್ಪನ ಸ್ನೇಹಿತೇದು," ಅಂದಳು ಸೊಲಾಂಜ್. "ಪಾಪ, ಒಂಟಿ ಜೀವ. ಒಡಹುಟ್ಟಿದೋರು ಅಂತ ಕೂಡ ಯಾರೂ ಇರ್ಲಿಲ್ಲ."

ಆಮೇಲೆ ಎಲ್ಲರೂ ಊಟಕ್ಕೆ ಎದ್ದರು.