ಕದರಮ್ಮ ಬೋರಲಿಟ್ಟ ಮಕ್ಕರಿ

ಅಗಳಿ ಕಡೆ ರೇಷ್ಮೆ ಹುಳು ಸಾಕುವವರಲ್ಲಿ ಕದರಮ್ಮನ ಕೈಗುಣ ಗೊತ್ತಿಲ್ಲದವರಿಲ್ಲ. ಹೋದ ವರ್ಷ ಆಕೆಗೆ ಸ್ತನ ಕ್ಯಾನ್ಸರ್ ಆಯಿತು. ಆಪರೇಷನ್, ಕೀಮೋ ಎಲ್ಲ ಮುಗಿಸಿ ಗೆದ್ದು ಬಂದಳು. ತಲೆಗೂದಲೂ ಮತ್ತೆ ಬಂತು. ನೆನಪು ಮಾತ್ರ ಮೊದಲಿನಂತೆ ನಿಲ್ಲುತ್ತಿರಲಿಲ್ಲ.

ಪೊರೆ ಬಿಡುವ ಮೊದಲು ಹುಳುಗಳು ಮೇವು ಬಿಟ್ಟು ಸುಮ್ಮನೆ ಮಲಗುತ್ತವೆ. ಇದಕ್ಕೆ ಜ್ವರ ಅನ್ನುತ್ತಾರೆ. ಆಗ ಹಿಪ್ಪುನೇರಳೆ ಸೊಪ್ಪು ಹಾಕಿದರೆ ಮೊದಲು ಎದ್ದವು ತಿಂದು ಬೆಳೆಯುತ್ತವೆ, ಉಳಿದವು ಹಿಂದೆ ಬೀಳುತ್ತವೆ, ಬೆಳೆ ಕೆಡುತ್ತದೆ. ಊರಿಗೆಲ್ಲ ಇದನ್ನು ಕಲಿಸಿದ್ದ ಕದರಮ್ಮನೇ ಒಂದು ಬೆಳಿಗ್ಗೆ ಮರೆತು, ಜ್ವರಕ್ಕೆ ಕೂತ ಹುಳುವಿಗೆ ಸೊಪ್ಪು ಹರಡಿಬಿಟ್ಟಳು.

ಗಂಡ ಓಬಳಪ್ಪನಿಗೆ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಾಯಿತು. "ಸಾಕು ಬಿಡು. ಇನ್ಮೇಲೆ ನೀನು ಹುಳದ ಮನೆ ಕಡೆ ಬರಬ್ಯಾಡ," ಅಂದ.

ಹುಳದ ಮನೆ ಬಿಟ್ಟರೆ ಕದರಮ್ಮನಿಗೆ ಬೇರೆ ಲೋಕವಿಲ್ಲ. ಜಗಲಿ ಮೇಲೆ ಕೂತು ಅತ್ತಳು. ಆಶಾ ಕಾರ್ಯಕರ್ತೆ ಮಮತಾ ಬಂದದ್ದು ಆಗಲೇ.

"ಯಾಕಕ್ಕ, ಏನಾಯ್ತು?"

"ಮರೆತು ಜ್ವರದ ಹುಳಕ್ಕೆ ಸೊಪ್ಪು ಹಾಕ್ಬಿಟ್ಟೆ. ನಂಗೆ ಬುದ್ಧಿ ಕೆಟ್ಟೈತೆ ಕಣಮ್ಮ."

"ಇಲ್ಲಕ್ಕ. ಕೀಮೋ ತಗಂಡೋರಲ್ಲಿ ಎಷ್ಟೋ ಜನಕ್ಕೆ ಇಂಗಾಗ್ತೈತೆ. ಮರೆವು ಬರ್ತೈತೆ, ಮಾತಾಡುವಾಗ ಪದ ಸಿಗಾಕಿಲ್ಲ. ಇದು ಹುಚ್ಚಲ್ಲ, ನಿನ್ನ ತಪ್ಪೂ ಅಲ್ಲ."

"ಔಷಧಿ ಮುಗಿದು ಆರು ತಿಂಗ್ಳಾಯ್ತಲ್ಲ, ಇನ್ನೂ ಯಾಕೆ?" ಓಬಳಪ್ಪ ನಂಬಲಿಲ್ಲ.

"ಸುಮಾರು ಜನಕ್ಕೆ ನಿಧಾನಕ್ಕೆ ಸರಿಹೋಗ್ತೈತೆ ಭಾವ. ಕೆಲವ್ರಿಗೆ ವರ್ಷದ ಮೇಲೂ ಹಿಡೀತೈತೆ. ಡಾಕ್ಟ್ರಿಗೆ ಹೇಳಿ. ನಿದ್ದೆ ಕಮ್ಮಿ, ರಕ್ತ ಕಮ್ಮಿ, ಥೈರಾಯ್ಡು, ಚಿಂತೆ, ಇವೂ ಕಾರಣ ಇರಬೋದು, ನೋಡ್ತಾರೆ. ಅಕ್ಕ, ನೀನು ಒಂದು ಸಲಕ್ಕೆ ಒಂದೇ ಕೆಲ್ಸ ಮಾಡು. ದಿನಾ ಒಂಚೂರು ನಡಿ. ಮರೆಯೋದನ್ನ ಬರೆದಿಟ್ಕೋ."

"ಬರಿಯಾಕೆ ನಂಗೆಲ್ಲಿ ಬತ್ತೈತೆ," ಅಂದಳು ಕದರಮ್ಮ. ಏನೋ ಹೊಳೆದು ಎದ್ದಳು. ಸೊಪ್ಪು ತುಂಬುವ ಬಿದಿರು ಬುಟ್ಟಿ, ಆ ಮಕ್ಕರಿಯನ್ನು ತಂದು ಹುಳದ ಮನೆ ಬಾಗಿಲಿಗೆ ಅಡ್ಡವಾಗಿ ಬೋರಲಿಟ್ಟಳು.

"ಹುಳ ಜ್ವರಕ್ಕೆ ಕೂತ್ರೆ ಮಕ್ಕರಿ ಬೋರಲು. ಎದ್ದ ಮ್ಯಾಲೆ ತೆಗೀತೀನಿ. ಇದನ್ನ ಎಡವದೆ ಒಳಗೆ ಹೆಂಗೋಗ್ತೀನಿ, ನೋಡಾನ."

ಮುಂದಿನ ಬೆಳೆಗೆ ಆಕೆಯನ್ನು ಹುಳದ ಮನೆಗೆ ಬಿಡಲು ಓಬಳಪ್ಪ ಅರೆಮನಸ್ಸಿನಿಂದ ಒಪ್ಪಿದ. ಹುಳುವಿನ ನಾಲ್ಕನೆಯ, ಅಂದರೆ ಕೊನೆಯ ಜ್ವರದ ದಿನ, ಏನೋ ಯೋಚನೆಯಲ್ಲಿ ಸೊಪ್ಪಿನ ಹೊರೆ ಹೊತ್ತು ಬಂದವನು ಅವನೇ. ಬೋರಲಿಟ್ಟ ಮಕ್ಕರಿ ಕಾಲಿಗೆ ತಗುಲಿತು. ಹೊರೆ ಇಳಿಸಿ ನಾಚಿಕೊಂಡು ನಕ್ಕ.

"ನಿಂಗ್ಯಾವ ಕೀಮೋ ಕೊಟ್ಟಿದ್ರು?" ಅಂದಳು ಕದರಮ್ಮ.

ಹಿಂದೂಪುರದ ರೇಷ್ಮೆಗೂಡಿನ ಮಾರ್ಕೆಟ್ಟಿನಲ್ಲಿ ಆ ಸಲದ ಗಟ್ಟಿ ಗೂಡು ಕಂಡು ಯಾರ ಬೆಳೆ ಎಂದು ಜನ ಕೇಳಿದರು. "ನಮ್ಮ ಮನೆಯಾಕೇದು. ಕ್ಯಾನ್ಸರ್ ಗೆದ್ದು ಬಂದು ಬೆಳೆದಿರೋದು," ಅಂದ ಓಬಳಪ್ಪ, ನಾಲ್ಕು ಜನಕ್ಕೆ ಕೇಳುವಂತೆ. ಈಗ ಜ್ವರದ ದಿನ ಆ ಬೀದಿಯ ಎಲ್ಲ ಹುಳದ ಮನೆಗಳ ಬಾಗಿಲಲ್ಲೂ ಮಕ್ಕರಿ ಬೋರಲು.

ಅಕ್ಕಂದಿರೇ, ಅಣ್ಣಂದಿರೇ, ಚಿಕಿತ್ಸೆ ಮುಗಿಸಿ ಬಂದವರು ನಿಮ್ಮ ಮನೆಯಲ್ಲೂ ಇರಬಹುದು. ಮರೆತರೆ ಬೈಯಬೇಡಿ, ಮುಚ್ಚಿಡಬೇಡಿ, ಡಾಕ್ಟರಿಗೆ ಹೇಳಿ. ಇದ್ದಕ್ಕಿದ್ದಂತೆ ದಿಕ್ಕು ತಪ್ಪಿದಂತಾದರೆ, ಫಿಟ್ಸ್ ಅಥವಾ ತಡೆಯಲಾರದ ತಲೆನೋವು ಬಂದರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಅವರ ಕೆಲಸವನ್ನು ಮಾತ್ರ ಅವರ ಕೈಯಿಂದ ಕಿತ್ತುಕೊಳ್ಳಬೇಡಿ. ನೆನಪಿಗೊಂದು ಗುರುತು ಇಟ್ಟುಕೊಡಿ, ಉಳಿದದ್ದು ಆ ಕೈಗಳಿಗೆ ಗೊತ್ತು.