ನಲ್ಲಿಯವರೆಗಿನ ಹಗ್ಗ

ಬೆಳಿಗ್ಗೆ ಆರೂವರೆಗೆ ಷಡಕ್ಷರಪ್ಪ ಅಡುಗೆಮನೆಯ ಬಾಗಿಲಿನಿಂದ ಹಿತ್ತಲ ನಲ್ಲಿಯವರೆಗೆ ತೆಂಗಿನ ನಾರಿನ ಹಗ್ಗ ಕಟ್ಟಿದರು. ಹೆಂಡತಿಯ ಸೊಂಟದ ಎತ್ತರಕ್ಕೆ ಬಿಗಿದು, ಜಗ್ಗಿ ನೋಡಿದರು.

ಅದು ೧೯೬೧ರ ಫೆಬ್ರವರಿ; ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕ್ವಾರ್ಟರ್ಸ್. ಅವರ ಹೆಂಡತಿ ಸುಭದ್ರಮ್ಮನವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬಲಗಣ್ಣು ಎರಡು ವರ್ಷದ ಹಿಂದೆ ಆಪರೇಷನ್ ಆದಮೇಲೆ ಕೀವು ತುಂಬಿ ಪೂರ್ತಿ ಕುರುಡಾಗಿತ್ತು. ಎಡಗಣ್ಣಿಗೆ ಬೆಳಕು, ನೆರಳು ಮಾತ್ರ ತಿಳಿಯುತ್ತಿತ್ತು. ಬರುವ ಸೋಮವಾರ ಶಿವಮೊಗ್ಗದ ಒಂದು ಛತ್ರದಲ್ಲಿ ಕಣ್ಣಿನ ಶಿಬಿರವಿತ್ತು. ಹೆಸರು ಬರೆಸುವುದೋ ಬೇಡವೋ ಎಂಬುದು ಮನೆಯಲ್ಲಿ ತೀರ್ಮಾನವಾಗಿರಲಿಲ್ಲ.

ಷಡಕ್ಷರಪ್ಪ ಕಾರ್ಖಾನೆಯಲ್ಲಿ ಪೈಪು ಪರೀಕ್ಷೆ ಮಾಡುವವರು. ಎರಕದ ಪೈಪನ್ನು ಸುತ್ತಿಗೆಯಿಂದ ತಟ್ಟಿ, ದನಿ ಕೇಳಿ, ಬಿರುಕು ಹಿಡಿಯುವುದು ಕೆಲಸ. ಮನೆಯಲ್ಲೂ ಅದೇ ಕಿವಿ. ಮಗಳ ಮದುವೆಯ ದಿನ ಚಪ್ಪರದ ಕಂಬಗಳನ್ನೂ ಒಂದೊಂದಾಗಿ ತಟ್ಟಿದ್ದರು.

ಅದೇ ಪೈಪುಗಳನ್ನು ಶಿವಮೊಗ್ಗಕ್ಕೆ ಸಾಗಿಸುವ ಲಾರಿ ಡ್ರೈವರ್ ಇಸ್ಹಾಕ್. ಟೈರು ಪಂಕ್ಚರಾದರೆ "ಮರದ ನೆರಳಲ್ಲೇ ಆಯ್ತಲ್ಲ" ಎನ್ನುವವನು. ಆ ಬೆಳಿಗ್ಗೆ ಅವನು ಹಿತ್ತಲಿಗೇ ಬಂದ.

"ಏನಣ್ಣ, ಬಟ್ಟೆ ಒಣಗಿಸೋಕಾ?"

"ಕಣ್ಣು ಹೋದ್ಮೇಲೆ ಇವಳು ಓಡಾಡೋಕೆ."

"ತೋಬಾ ತೋಬಾ! ನಿಮ್ಮ ಬಾಯಲ್ಲಿ ಒಳ್ಳೇದೇ ಬರಲ್ವಾ? ಅಕ್ಕ, ಇವರ ಮಾತು ಕೇಳ್ಬೇಡಿ. ಸೋಮವಾರ ಲಾರಿ ತರ್ತೀನಿ. ಯುಗಾದಿ ಚಂದ್ರನ್ನ ಈ ಸಲ ನೀವೇ ನಮಗೆಲ್ಲ ತೋರಿಸ್ತೀರಿ."

"ಹೋದ ಸಲಾನೂ ಹಿಂಗೇ ಅಂದಿದ್ದೆ, ಮಾರಾಯ. ಇರೋ ಚೂರು ಬೆಳಕೂ ಹೋದ್ರೆ?"

"ಹೋಗಲ್ಲ."

"ಹೋದ್ರೆ?"

"ಹೋಗಲ್ಲ ಅಂದ್ನಲ್ಲ!"

ಒಳಗೆ ಕೂತಿದ್ದ ಸುಭದ್ರಮ್ಮ ಎದ್ದರು. ಸೆರಗನ್ನು ಕಣ್ಣಿನ ಮೇಲೆ ಎರಡು ಸುತ್ತು ಬಿಗಿದುಕೊಂಡರು.

"ಕಾಫಿ ಮಾಡ್ತೀನಿ. ಯಾರೂ ಕೈ ಹಿಡೀಬೇಡಿ."

ಹಗ್ಗ ಹಿಡಿದು ನಲ್ಲಿಗೆ ಹೋದರು, ಚೊಂಬು ತುಂಬಿಕೊಂಡು ಹಗ್ಗ ಹಿಡಿದೇ ಬಂದರು. ಒಲೆ ಉರಿಯುತ್ತಿತ್ತು. ಗಂಡ ಹಿಂದಿನ ಸಂಜೆ, ಕುರುಡರಿಗೆ ಅನುಕೂಲವಾಗಲೆಂದು, ಡಬ್ಬಿಗಳನ್ನೆಲ್ಲ ಹೊಸದಾಗಿ ಜೋಡಿಸಿಟ್ಟಿದ್ದರು. ಅದನ್ನು ಹೆಂಡತಿಗೆ ಹೇಳಲು ಮರೆತಿದ್ದರು.

ಕಾಫಿ ಬಂತು. ಷಡಕ್ಷರಪ್ಪ ಒಂದು ಗುಟುಕು ಕುಡಿದು ಹಿತ್ತಲಿಗೆ ಉಗುಳಿದರು. "ಥೂ, ಉಪ್ಪು!"

ಅಷ್ಟರಲ್ಲಿ ಇಸ್ಹಾಕ್ ಲೋಟ ಖಾಲಿ ಮಾಡಿ ಕೆಳಗಿಟ್ಟಿದ್ದ. "ನಂದು ಚೆನ್ನಾಗೇ ಇತ್ತಕ್ಕ. ಫಸ್ಟ್ ಕ್ಲಾಸ್."

ಸುಭದ್ರಮ್ಮ ಸೆರಗು ಬಿಚ್ಚಿ, ನಗು ನಿಲ್ಲುವವರೆಗೆ ಬಾಗಿಲು ಹಿಡಿದು ನಿಂತರು.

"ಉಪ್ಪಿನ ಕಾಫೀನೂ ಚೆನ್ನಾಗಿದೆ ಅಂತೀಯಲ್ಲೋ ಇಸ್ಹಾಕ್, ಕಣ್ಣು ಬರುತ್ತೆ ಅಂದ್ರೆ ಹೆಂಗೆ ನಂಬ್ಲಿ?"

"ಅದಕ್ಕೇ ನಾನು ಬೇಡ ಅಂತ..." ಎಂದರು ಷಡಕ್ಷರಪ್ಪ.

"ನೀವು ಸುಮ್ನಿರಿ. ಡಬ್ಬಿ ಎಲ್ಲ ನಾನಿಟ್ಟ ಜಾಗಕ್ಕೇ ವಾಪಸ್ ಇಡಿ. ಹಗ್ಗ ಸರಿಯಾಗಿದೆ, ಅದಿರಲಿ. ಒಂದು ಚೊಂಬು ನೀರಿಗೂ ಇನ್ನೊಬ್ಬರನ್ನ ಕೂಗ್ಬೇಕಾಗುತ್ತಲ್ಲ ಅಂತ ಎರಡು ವರ್ಷ ಹೆದರಿದ್ದೆ ರೀ. ಈಗ ನೀರು ನಾನೇ ತಂದೆ. ಕಣ್ಣು ಹೋದ್ರೂ ಬದುಕಬಹುದು. ಹೆಸರು ಬರೆಸಿ."

ಸೋಮವಾರ ಇಸ್ಹಾಕ್ ಲಾರಿಯ ಸೀಟಿಗೆ ಎರಡು ಕೌದಿ ಹಾಸಿಕೊಂಡು ಬಂದ. ಶಿವಮೊಗ್ಗದ ದಾರಿಯುದ್ದಕ್ಕೂ ಹಳ್ಳ ತಪ್ಪಿಸಿ ಎಷ್ಟು ನಿಧಾನ ಓಡಿಸಿದನೆಂದರೆ ಸೈಕಲ್ಲುಗಳು ಮುಂದೆ ಹೋದವು.

ಆಪರೇಷನ್ ಆದವರನ್ನು ಛತ್ರದ ಹಜಾರದಲ್ಲಿ ಸಾಲಾಗಿ ಮಲಗಿಸಿದ್ದರು. ತಲೆ ಅಲುಗದಂತೆ ಎರಡೂ ಕಡೆ ಮರಳಿನ ಚೀಲ. ಕೆಮ್ಮಬಾರದು, ಸೀನಬಾರದು, ನಗಬಾರದು. ಇಸ್ಹಾಕ್ ಬಂದ ಮೊದಲ ದಿನವೇ ನರ್ಸು ಅವನನ್ನು ಹೊರಗೆ ಕಳಿಸಿದಳು. "ನಗಿಸೋರು ಜಗಲಿಯಲ್ಲಿರಿ. ಇವರಿರಲಿ," ಎಂದು ಷಡಕ್ಷರಪ್ಪನವರನ್ನು ತೋರಿಸಿದಳು. ಅವರಿಂದ ಯಾರಿಗೂ ನಗು ಬರುವ ಭಯವಿರಲಿಲ್ಲ. ಅವರು ಬೀಸಣಿಗೆ ಹಿಡಿದು ನೊಣ ಓಡಿಸುತ್ತ, ಚಮಚದಲ್ಲಿ ಗಂಜಿ ಹಾಕುತ್ತ ಕೂತರು.

ಪಟ್ಟಿ ಬಿಚ್ಚಿದ ದಿನ ಡಾಕ್ಟರು ಬೆರಳು ಹಿಡಿದರು.

"ಎರಡು. ಮಂಜು ಮಂಜಾಗಿ," ಎಂದರು ಸುಭದ್ರಮ್ಮ.

"ಇನ್ನೊಂದು ಸಲ ಕೇಳಿ ಸಾರ್. ಅಂದಾಜಲ್ಲಿ ಹೇಳಿರ್ತಾಳೆ," ಎಂದರು ಷಡಕ್ಷರಪ್ಪ.

ಡಾಕ್ಟರು ಬೆರಳು ಬದಲಿಸಿದರು.

"ನಾಲ್ಕು. ಪಕ್ಕದಲ್ಲಿ ನಮ್ಮನೆಯವರು ಬೀಸಣಿಗೆ ತಲೆಕೆಳಗಾಗಿ ಹಿಡ್ಕೊಂಡಿದಾರೆ."

ಷಡಕ್ಷರಪ್ಪ ಜಗಲಿಗೆ ಬಂದರು. ಅವರ ಮುಖ ನೋಡಿ ಇಸ್ಹಾಕ್ ಎದ್ದು ನಿಂತ. "ಹೋಯ್ತಾ ಅಣ್ಣ?" ಎಂದ. ಅವನ ಬಾಯಲ್ಲಿ ಅಂಥ ಮಾತು ಅವರು ಕೇಳಿದ್ದು ಅದೇ ಮೊದಲು.

"ಕಾಣ್ತಂತೆ," ಎಂದು ಅವರು ಅವನ ಹೆಗಲ ಮೇಲೆ ಕೈಯಿಟ್ಟರು.

ಯುಗಾದಿಗೆ ಕನ್ನಡಕ ಸಿದ್ಧವಾಗಿರಲಿಲ್ಲ, ಚಂದ್ರ ಕಾಣಲಿಲ್ಲ. ಏಪ್ರಿಲ್‌ನಲ್ಲಿ ದಪ್ಪ ಗಾಜಿನ ಕನ್ನಡಕ ಬಂತು. ಸುಭದ್ರಮ್ಮ ಸ್ನಾನ ಮಾಡಿ, ಅದನ್ನು ಹಾಕಿಕೊಂಡು, ಅಂಗೈಯ ಲಿಂಗವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಇಸ್ಹಾಕನಿಗೆ ಹೇಳಿಕಳಿಸಿ, ಗಂಡನ ಪಕ್ಕ ಕೂರಿಸಿ, ಇಬ್ಬರಿಗೂ ಕಾಫಿ ಕೊಟ್ಟರು.

"ಇಬ್ಬರಲ್ಲಿ ಒಬ್ಬರು ಇಲ್ದಿದ್ರೂ ನಾನು ಶಿಬಿರಕ್ಕೆ ಹೋಗ್ತಿರಲಿಲ್ಲ," ಎಂದರು. "ಹೆಂಗಿದೆ ಕಾಫಿ? ನಿಜ ಹೇಳ್ಬೇಕು."

"ಸಕ್ಕರೆ ಸ್ವಲ್ಪ ಜಾಸ್ತಿ, ಅಕ್ಕ," ಎಂದ ಇಸ್ಹಾಕ್.

"ಚೆನ್ನಾಗಿದೆ," ಎಂದರು ಷಡಕ್ಷರಪ್ಪ.

ಮರುವರ್ಷ ಶಿವಮೊಗ್ಗದಲ್ಲಿದ್ದ ಇಸ್ಹಾಕನ ತಾಯಿ ಸಲೀಮಾ ಅದೇ ಶಿಬಿರಕ್ಕೆ ಹೆಸರು ಬರೆಸಿದರು. ಇಸ್ಹಾಕ್ ಬಂದು ಹಗ್ಗ ಕೇಳಿದ. ಷಡಕ್ಷರಪ್ಪ ಶಿವಮೊಗ್ಗಕ್ಕೆ ಹೋಗಿ ಅವರ ಮನೆಯಲ್ಲಿ ಅದನ್ನು ಕಟ್ಟಿಕೊಟ್ಟರು.