ಮೇಲಿನ ಬಿರಡೆ

ಕೆಳಗಿನ ಬಿರಡೆ ಬಿಚ್ಚಿ, ಎಣ್ಣೆಯೆಲ್ಲ ಬೋಗುಣಿಗೆ ಇಳಿದುಹೋದ ಮೇಲೆ ಅವನಿಗೆ ಗೊತ್ತಾಯಿತು: ಮೇಲಿನ ಬಿರಡೆ ತಿರುಗುತ್ತಿಲ್ಲ.

ಸ್ಪ್ಯಾನರ್ ಹಾಕಿ, ಉಸಿರು ಬಿಗಿಹಿಡಿದು, ಇನ್ನೊಮ್ಮೆ ಎಳೆದ. ಬಿರಡೆ ಜಗ್ಗಲಿಲ್ಲ. ಜಗ್ಗಿದ್ದು ಅವನ ಭುಜ.

ಕಾರು ನಾಲ್ಕು ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಮೊಳದೆತ್ತರದಲ್ಲಿ ನಿಂತಿತ್ತು. ಅವನು ಅದರ ಹೊಟ್ಟೆಯ ಕೆಳಗೆ ಹಳೆಯ ರಟ್ಟಿನ ಮೇಲೆ ಅಂಗಾತ ಮಲಗಿದ್ದ. ಮೂಗಿನ ನೇರಕ್ಕೆ, ಹಿಂದಿನ ಚಕ್ರಗಳೆರಡರ ನಡುವೆ, ಎಂಜಿನ್ನಿನ ಓಟವನ್ನು ಎರಡಕ್ಕೂ ಹಂಚುವ, ಕುಂಬಳಕಾಯಿ ಗಾತ್ರದ ಡಿಫರೆನ್ಷಿಯಲ್. ಅದಕ್ಕೆ ಎರಡು ಬಾಯಿ. ಹಳೆಯ ಎಣ್ಣೆ ಕೆಳಗಿನ ಬಾಯಿಂದ ಇಳಿಯಬೇಕು, ಹೊಸ ಎಣ್ಣೆ ಮೇಲಿನ ಬಾಯಿಂದ ಒಳಗೆ ಹೋಗಬೇಕು. ಮೇಲಿನದು ಬಿಚ್ಚಿಕೊಳ್ಳುತ್ತದೆಂದು ಖಾತ್ರಿಯಾದ ಮೇಲೆಯೇ ಕೆಳಗಿನದಕ್ಕೆ ಕೈಹಾಕಿ ಎಂದು ಕಾರಿನ ಕೈಪಿಡಿಯಲ್ಲಿ ದಪ್ಪಕ್ಷರದಲ್ಲಿತ್ತು. ಅವನು ಓದಿದ್ದ. ಓದದೆ ಏನನ್ನೂ ಮಾಡುವವನಲ್ಲ.

ಬೆಳಿಗ್ಗೆ ಗೇರ್‌ಬಾಕ್ಸಿನ ಎಣ್ಣೆ ಬದಲಾಯಿಸುವಾಗ ಹಾಗೆಯೇ ಮಾಡಿದ್ದ. ಹೂವೆತ್ತಿದಷ್ಟು ಸಲೀಸಾಗಿ ಮುಗಿದಿತ್ತು. ಆ ಗೆಲುವಿನಲ್ಲಿ, ಹುಟ್ಟಿದಾಗಿನಿಂದ ಇದೇ ಕಸುಬು ಎನ್ನುವ ಹಾಗೆ, ಸಿಳ್ಳೆ ಹಾಕುತ್ತ ಹಿಂದಿನ ಚಕ್ರಗಳ ಕಡೆ ತೆವಳಿ ಬಂದಿದ್ದ. ಸಿಳ್ಳೆ ಹಾಕಿ ಎಷ್ಟು ಕಾಲವಾಗಿತ್ತೋ.

ಈಗ ಒಳಗೆ ತೊಟ್ಟು ಎಣ್ಣೆಯಿಲ್ಲ, ತುಂಬಲು ದಾರಿಯೂ ಇಲ್ಲ. ಹೀಗೇ ಓಡಿಸಿದರೆ ಊರು ದಾಟುವುದರೊಳಗೆ ಗೇರಿನ ಹಲ್ಲು ಹಲ್ಲನ್ನು ತಿಂದು ಎಲ್ಲ ಪುಡಿ. ನಾಳೆ ಬೆಳಗಾದರೆ ಹೆಂಡತಿ ಈ ಕಾರಿನಲ್ಲಿ ಹೊರಡಬೇಕು.

ಅಂದರೆ, ಹೊರಡಲಾರಳು.

ಹಾಗನ್ನಿಸಿದ್ದೇ ತಡ, ಅವನಿಗೆ ಖುಷಿಯಾಯಿತು. ಸಣ್ಣಪುಟ್ಟ ಖುಷಿಯಲ್ಲ. ಶಾಲೆಗೆ ದಿಢೀರ್ ರಜೆ ಸಿಕ್ಕಾಗಿನ, ಕೈಕಾಲು ಕುಣಿಸುವ ಖುಷಿ. ಕುಣಿಯಲು ಜಾಗವಿರಲಿಲ್ಲವಾದ್ದರಿಂದ ಮಲಗಿದಲ್ಲೇ ಕಾಲ್ಬೆರಳು ಆಡಿಸಿದ. ಆಮೇಲೆ ಗಾಬರಿಯಾಯಿತು. ಇದನ್ನು ನಾನು ಬೇಕೆಂತಲೇ ಮಾಡಿದೆನೆ?

ತನ್ನನ್ನೇ ಕೇಳಿಕೊಂಡ.

ಅವನ ಕೆಲಸ ಹವಾಮಾನ ಕಚೇರಿಯಲ್ಲಿ. ನಾಳೆ ಮಳೆ ಬರುತ್ತದೆ ಎಂದು ಅವನು ಎಂದೂ ಬರೆದವನಲ್ಲ. ಬರುವ ಸಾಧ್ಯತೆಯಿದೆ ಎಂದು ಬರೆದು ಮನೆಗೆ ಬರುತ್ತಿದ್ದ. ಆ ಚಾಳಿಯೂ ಅವನ ಹಿಂದೆಯೇ ಮನೆಯೊಳಕ್ಕೆ ಬಂದಿತ್ತು. ಉಪ್ಪು ಸಾಕಾ ಎಂದು ಕೇಳಿದರೆ ‘ಬಹುಶಃ’ ಅನ್ನುತ್ತಿದ್ದ. ಹೆಂಡತಿಯ ತಮ್ಮನಂತೂ ಅವನಿಗೆ ‘ಬಹುಶಃ ಭಾವ’ ಎಂದೇ ಹೆಸರಿಟ್ಟಿದ್ದ.

ಹೆಂಡತಿಯದು ಮಾತು ಬಾರದ ಮಕ್ಕಳಿಗೆ ಮಾತು ಕಲಿಸುವ ಕೆಲಸ. ದೂರದ ಊರಲ್ಲಿ ಅಂಥದೇ ಹೊಸ ಶಾಲೆ ತೆರೆಯುವವರಿದ್ದರು, ನಡೆಸಲು ಅವಳನ್ನು ಕರೆದಿದ್ದರು. ಎಷ್ಟು ದಿನಕ್ಕೆ ಎಂದು ಇವನು ಕೇಳಲಿಲ್ಲ, ಅವಳು ಹೇಳಲಿಲ್ಲ. ಜಗಳವಿಲ್ಲ, ಮುನಿಸಿಲ್ಲ. ಟೀ ಕುಡಿಯುತ್ತ ಅವಳು ಸುದ್ದಿ ಹೇಳಿದ ಸಂಜೆ ಇವನು ಲೋಟ ಕೆಳಗಿಟ್ಟು, “ದೂರದ ದಾರಿ. ಗಾಡಿಗೆ ಎಣ್ಣೆ ಬದಲಾಯಿಸ್ಬೇಕು” ಅಂದಿದ್ದ.

ಗೇಟು ಕಿರುಗುಟ್ಟಿತು. ಬಾಮೈದನ ಬೂಟುಗಳು ಒಳಗೆ ಬಂದವು. ಅವುಗಳ ಪಕ್ಕಕ್ಕೆ ಖಾಲಿ ಪೆಟ್ಟಿಗೆಗಳು ಧಡ್ಡೆಂದು ಇಳಿದವು. ಮನೆಯೊಳಗಿನಿಂದ ಹೆಂಡತಿಯ ಚಪ್ಪಲಿಗಳು, ಅವುಗಳ ಹಿಂದೆ ಅವನ ಅಮ್ಮನ ಬರಿಗಾಲು. ಮೂವರೂ ಕಾರಿನ ಪಕ್ಕದಲ್ಲೇ ನಿಂತರು. ಇವನಿಗೆ ಕಂಡದ್ದು ಪಾದಗಳು ಮಾತ್ರ.

“ಎಲ್ಲಿ ನಮ್ಮ ಬಹುಶಃ ಭಾವ?” ಬಾಮೈದ ಕೇಳಿದ.

“ಇಲ್ಲೇ ಎಲ್ಲೋ ಇರ್ಬೇಕು,” ಅಂದಳು ಹೆಂಡತಿ.

ಇಲ್ಲಿದ್ದೇನೆ ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಬಾಮೈದ ದನಿ ತಗ್ಗಿಸಿದ. ತಗ್ಗಿಸಿದ ದನಿಯನ್ನು ಕೇಳದಿರುವಷ್ಟು ದೊಡ್ಡ ಮನುಷ್ಯನಲ್ಲ ಅವನು.

“ಅಕ್ಕಾ, ಭಾವ ಒಪ್ಕೊಂಡ್ರಾ, ನೀನು ಹೋಗೋದಕ್ಕೆ?”

“ಬೇಡ ಅನ್ನಲಿಲ್ಲ.”

“ಹಾಗಾದ್ರೆ ಹೋಗು ಅಂದ್ರು.”

“ಅದೂ ಅನ್ನಲಿಲ್ಲ. ಗಾಡಿಗೆ ಎಣ್ಣೆ ಬದಲಾಯಿಸ್ಬೇಕು ಅಂದ್ರು.”

ಅಕ್ಕ ತಮ್ಮ ಇಬ್ಬರೂ ಬಿದ್ದು ಬಿದ್ದು ನಕ್ಕರು. ಕೆಳಗೆ ಮಲಗಿದ್ದವನಿಗೂ ತಡೆಯಲಾರದಷ್ಟು ನಗು ಬಂತು. ತೋಳಿನಿಂದ ಬಾಯಿ ಮುಚ್ಚಿಕೊಂಡ.

“ಅವನು ಮೊದಲಿಂದ್ಲೂ ಹಾಗೇ ಕಣೇ,” ಅಮ್ಮ ಪ್ರೀತಿಯಿಂದ ಶುರುಮಾಡಿದಳು. “ಚಿಕ್ಕವನಿದ್ದಾಗ ಕಣ್ಣಾಮುಚ್ಚಾಲೆಗೆ ಹೋಗಿ ಬಚ್ಚಿಟ್ಕೋತಿದ್ದ ನೋಡು, ಉಳಿದೋರೆಲ್ಲ ಆಟ ಮುಗಿಸಿ ಊಟಕ್ಕೆ ಹೋದ್ರೂ ಈಚೆ ಬರ್ತಿರ್ಲಿಲ್ಲ. ಯಾರೂ ಹುಡುಕ್ತಿಲ್ಲ ಅನ್ನೋದೇ ಪಾಪ ಅದಕ್ಕೆ ಗೊತ್ತಾಗ್ತಿರ್ಲಿಲ್ಲ.”

ಮತ್ತೆ ನಗು. ಈ ಸಲ ಅವನು ನಗಲಿಲ್ಲ.

ಗೊತ್ತಾಗುತ್ತಿತ್ತು. ಹಳೆಯ ಬೀರುವಿನ ಹಿಂದೆ ಮೊಣಕಾಲು ತಬ್ಬಿಕೊಂಡು ಕೂತಾಗ, ಅಡುಗೆಮನೆಯಿಂದ ತಟ್ಟೆಗಳ ಸದ್ದು ಬಂದ ಕೂಡಲೇ ಗೊತ್ತಾಗಿಬಿಡುತ್ತಿತ್ತು. ಆದರೂ ಕೂತಿರುತ್ತಿದ್ದ. ಯಾರೂ ಹುಡುಕದಿರುವಾಗ ಎದ್ದು ಬರುವುದಕ್ಕಿಂತ ದೊಡ್ಡ ಸೋಲು ಇನ್ನೊಂದಿಲ್ಲ ಎಂದು ಆಗಲೇ ಯಾರು ಕಲಿಸಿದ್ದರೋ.

ಹೊರಳಲು ಹೋದಾಗ ಅವನ ಮೊಣಕೈ ಬೋಗುಣಿಗೆ ತಗುಲಿತು. ಕಪ್ಪು ಎಣ್ಣೆ ಚುಳಕ್ಕೆಂದು ಹಾರಿ ಹೆಂಡತಿಯ ಚಪ್ಪಲಿಯ ತನಕ ಹರಿಯಿತು. ಚಪ್ಪಲಿ ಹಿಂದೆ ಸರಿಯಿತು. ಅವಳ ಮುಖ ತಲೆಕೆಳಗಾಗಿ ಕಾಣಿಸಿಕೊಂಡಿತು.

“ರೀ, ಇಲ್ಲೇ ಇದ್ರಾ?”

“ಈಗ ಬಂದೆ.”

ಕಾರಿನ ಕೆಳಗೆ ಈಗ ಎಲ್ಲಿಂದ ಬರಲು ಸಾಧ್ಯ ಎಂದು ಯಾರೂ ಕೇಳಲಿಲ್ಲ. ಬಾಮೈದನ ಬೂಟುಗಳು ಮಾತ್ರ ಒಂದನ್ನೊಂದು ತುಳಿದುಕೊಂಡವು.

ಬಿರಡೆಯ ವಿಷಯ ಹೇಳಿದ. ಬಾಮೈದ ಹುರುಪಿನಿಂದ ಮಂಡಿಯೂರಿ ನುಗ್ಗಲು ನೋಡಿದ. ತಲೆ ಬಂತು, ಭುಜ ಬಂತು, ಹೊಟ್ಟೆ ಬರಲಿಲ್ಲ. “ನನ್ನಿಂದ ಆಗೋ ಕೆಲಸ ಹೇಳಿ ಭಾವ,” ಎಂದು ಹಾಗೇ ಹಿಂದಕ್ಕೆ ಹೋದ. ಸ್ಪ್ಯಾನರಿನ ಹಿಡಿಗೆ ತೂರಿಸಲು ಉದ್ದದೊಂದು ಕೊಳವೆ ಸಿಕ್ಕರೆ ಹಿಡಿತ ಬರುತ್ತದೆ ಎಂದ ಇವನು. ಅಮ್ಮ ಬಾಮೈದನನ್ನು ಕರೆದುಕೊಂಡು ಹಿತ್ತಲ ಕಡೆ ಹುಡುಕಲು ಹೋದಳು.

ಹೆಂಡತಿ ಹೋಗಲಿಲ್ಲ. ಕೂದಲು ಮೇಲಕ್ಕೆ ಕಟ್ಟಿ, ಇನ್ನೊಂದು ರಟ್ಟು ಎಳೆದುಕೊಂಡು, ಅವನ ಪಕ್ಕಕ್ಕೆ ಜಾರಿ ಬಂದಳು. ಇಷ್ಟು ಹತ್ತಿರ ಮಲಗಿ ಇಬ್ಬರೂ ಒಂದೇ ಕಡೆ ನೋಡಿದ್ದು ಯಾವಾಗಲೋ. ಮೇಲೆ ಜಂಗು ಹಿಡಿದ ಕಬ್ಬಿಣ.

“ಬೇಕೂ ಅಂತ ಮಾಡಿದ್ರಾ?” ಅವಳು ಕೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

“ಬಹುಶಃ.”

ಅವಳು ನಗತೊಡಗಿದಳು. ನಕ್ಕು ನಕ್ಕು ಬಿಕ್ಕಳಿಕೆ ಬಂತು. “ಹೋಗ್ಬೇಡ ಅಂತ ಬಾಯಲ್ಲೇ ಹೇಳಬಹುದಿತ್ತಲ್ಲ.”

“ಹೇಳಿದ್ರೆ ಇರ್ತಿದ್ಯಾ?”

“ಇಲ್ಲ. ಕೇಳಿಸ್ಕೊಂಡು ಹೋಗ್ತಿದ್ದೆ.”

ಈಗಲಾದರೂ ಹೇಳಬಹುದಿತ್ತು. ತುಟಿ ಅಲುಗಿತು. ಅವಳು ಮುಖ ಇತ್ತ ತಿರುಗಿಸಿ ಅವನ ತುಟಿಯನ್ನೇ ನೋಡಿದಳು, ತನ್ನ ಶಾಲೆಯ ಮಕ್ಕಳ ತುಟಿಯನ್ನು ನೋಡುವ ಹಾಗೆ, ಆತುರವಿಲ್ಲದೆ. ಆ ತಾಳ್ಮೆಯೇ ಅವನನ್ನು ಕೊಂದಿತು. ಇವಳಿಗೆ ಇದು ಅಭ್ಯಾಸವಾಗಿರುವ ಕೆಲಸ ಅನ್ನಿಸಿತು.

“ಕೊಳವೆ ಬಂತು,” ಅಂದ.

ಕೊಳವೆ ಬಂದಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಬಂತು.

ಇಬ್ಬರೂ ಅದನ್ನು ಒಟ್ಟಿಗೆ ಹಿಡಿದರು. ಅವಳ ಅಂಗೈ ಅವನ ಬೆರಳುಗಳ ಮೇಲಿತ್ತು. “ಎಳೀರಿ,” ಅಂದಳು. ಎಳೆದರು. ಹೊರಗಿನಿಂದ ಬಾಮೈದ ದೋಣಿ ಸ್ಪರ್ಧೆಗೆ ಕೂಗುವವನ ಹಾಗೆ ಹುರಿದುಂಬಿಸಿದ. ಅಮ್ಮ ಅಷ್ಟೇ ಗಟ್ಟಿಯಾಗಿ, ಕಾರು ಮೈಮೇಲೆ ಬಿದ್ದೀತು ಕಣ್ರೋ, ಎಂದಳು. ಟಕ್ ಎಂದು ಎಲುಬು ಮುರಿದಂಥ ಸದ್ದಾಯಿತು. ಮೇಲಿನ ಬಿರಡೆ ತಿರುಗಿತ್ತು.

ಹೆಂಡತಿ ಕೈಯಲ್ಲಿದ್ದ ಜಿಡ್ಡನ್ನೆಲ್ಲ ಅವನ ಕೆನ್ನೆಗೆ ಬಳಿದು ತೆವಳಿಕೊಂಡು ಹೊರಗೆ ಹೋದಳು. ಅವನೂ ನಕ್ಕ. ಗೆದ್ದವರ ನಗುವೇ ಅದು. ತಾನು ಯಾವ ಕಡೆಯವನು ಎಂಬುದಷ್ಟೇ ಅವನಿಗೆ ತಿಳಿಯಲಿಲ್ಲ.

ಕೆಳಗಿನ ಬಾಯಿ ಮುಚ್ಚಿದ. ಮೇಲಿನ ಬಾಯಿಗೆ ರಬ್ಬರ್ ನಳಿಗೆ ಇಟ್ಟು, ಹೊಸ ಎಣ್ಣೆಯನ್ನು ತುಳುಕಿ ಹೊರಬರುವ ತನಕ ಒತ್ತಿ ಒತ್ತಿ ತುಂಬಿದ. ಜೇನಿನ ಬಣ್ಣದ ಎಣ್ಣೆ. ಬಿರಡೆ ಬಿಗಿದು, ಬಟ್ಟೆಯಿಂದ ಒರೆಸಿದ. ಕೆಲಸ ಅಚ್ಚುಕಟ್ಟಾಗಿತ್ತು. ಯಾರು ನೋಡಿದರೂ ಮೆಚ್ಚಬೇಕು.

ಇನ್ನುಳಿದದ್ದು ಸೋರುತ್ತದೆಯೇ ಎಂದು ನೋಡುವುದು. ಅದಕ್ಕೆ ಕಾರನ್ನು ನಿಂತಲ್ಲೇ ಗೇರಿನಲ್ಲಿ ಓಡಿಸಬೇಕು. ಹೆಂಡತಿ ಒಳಗೆ ಕೂತು ಸ್ಟಾರ್ಟ್ ಮಾಡಿದಳು. ಇವನು ಹಿಂದೆ, ಸ್ವಲ್ಪ ದೂರದಲ್ಲಿ, ಕುಕ್ಕರುಗಾಲಲ್ಲಿ ಕೂತ.

“ಹಾಕು ಗೇರು,” ಅಂದ.

ಕಾರು ನಡುಗಿ, ಸುಧಾರಿಸಿಕೊಂಡು, ಹಿತವಾಗಿ ಗುನುಗತೊಡಗಿತು. ಒಂದು ಹನಿಯೂ ಸೋರಲಿಲ್ಲ. ಹೆಂಡತಿ ಕಿಟಕಿಯಿಂದ ತಲೆ ಹೊರಗೆ ಹಾಕಿ, “ರೀ, ಐವತ್ತರಲ್ಲಿ ಹೋಗ್ತಿದೀನಿ,” ಎಂದು ಕೂಗಿದಳು. ಬಾಮೈದ ಚಪ್ಪಾಳೆ ತಟ್ಟಿ, ಎದುರಿನಿಂದ ಲಾರಿ ಬರ್ತಿದೆ ಅಕ್ಕಾ ಎಂದ. ಅವಳು ಹಾರನ್ ಬಾರಿಸಿದಳು. ಬಾಗಿಲಲ್ಲಿ ನಿಂತಿದ್ದ ಅಮ್ಮ ತಮಾಷೆಗೆಂದು ಕೈ ಬೀಸಿದಳು. ಬೀಸುತ್ತ ಬೀಸುತ್ತ ಅದು ತಮಾಷೆಯೆಂಬುದನ್ನು ಮರೆತು, “ಹುಷಾರಾಗಿ ಹೋಗ್ಬಾ ಮಗಳೇ,” ಅಂದಳು.

“ಹೇಗಿದೆ ಹಿಂದೆ?” ಹೆಂಡತಿ ಕೇಳಿದಳು.

“ಚೆನ್ನಾಗಿದೆ.”

ಚೆನ್ನಾಗಿಯೇ ಇತ್ತು. ನೆಲ ತಾಕದ ಚಕ್ರಗಳಲ್ಲಿ ಯಾವುದು ತಿರುಗಲು ಹಗುರವೋ ಓಟವೆಲ್ಲ ಅದರ ಪಾಲಾಗುವುದು ಡಿಫರೆನ್ಷಿಯಲ್ಲಿನ ಸ್ವಭಾವ; ಅದು ಕೆಟ್ಟಿದೆಯೆಂದು ಅರ್ಥವಲ್ಲ. ಬಲಗಡೆಯ ಚಕ್ರ ಗಾಳಿಯಲ್ಲಿ ಗಿರ್ರನೆ ತಿರುಗುತ್ತಿತ್ತು. ಅದರ ಬೀಸಿಗೆ ನೆಲದ ಮೇಲಿನ ದೂಳು ಏಳುತ್ತಿತ್ತು. ಎಡಗಡೆಯದು ಸುಮ್ಮನೆ ನಿಂತಿತ್ತು. ಒಂದು ನೊಣ ಬಂದು ಅದರ ಮೇಲೆ ಕೂತು, ನಿಧಾನವಾಗಿ ಮುಂಗಾಲು ಉಜ್ಜಿಕೊಳ್ಳತೊಡಗಿತು.